ಅರ್ಧ ಉಳಿದಿದ್ದ ಕಣ್ಣು

ಗೊಲ್ಲಾಳಪ್ಪನವರ ಎಡಗಣ್ಣು ಚಿಕ್ಕಂದಿನಲ್ಲೇ ಚಿಣ್ಣಿದಾಂಡು ಆಡುವಾಗ ಚಿಣ್ಣಿ ಬಡಿದು ಹೋಗಿತ್ತು, ಅಲ್ಲಿರುವುದು ಗಾಜಿನದು. ಬಲಗಣ್ಣನ್ನು ಗ್ಲಾಕೋಮಾ ಎಂಬ, ಒತ್ತಡ ಏರಿಸಿ ಕಣ್ಣಿನ ನರ ಸಾಯಿಸುವ ಹಾಳು ರೋಗ ಅರ್ಧ ತಿಂದು ಅರ್ಧ ಬಿಟ್ಟಿತ್ತು. ಆ ಅರ್ಧದಲ್ಲೇ ಅವರು ಕೂಕಟ್‌ಪಲ್ಲಿಯ ಸಂತೆಯಲ್ಲಿ ಬದನೆಕಾಯಿ ಆರಿಸಿ ತರುತ್ತಿದ್ದರು, ಮಗಳ ಮುಖ ನೋಡಿ ‘ಸೊರಗೀದಿ’ ಎನ್ನುತ್ತಿದ್ದರು. ಉಳಿದದ್ದನ್ನು ಉಳಿಸಿಕೊಳ್ಳಲು ಇದ್ದ ದಾರಿ ಒಂದೇ, ದಿನಕ್ಕೆರಡು ಹೊತ್ತು ಕಣ್ಣಿಗೆ ಹನಿ.

ಮಗಳು ಪ್ರಾಜಕ್ತಾ ಹಿಡಿದ ಕೆಲಸವೂ ಕಣ್ಣಿನದೇ ನೋಡಿ. ಪ್ರಯೋಗಾಲಯದಲ್ಲಿ ಅವಳ ದಿನವೆಲ್ಲ ಕಣ್ಣಿನ ನರದ ಹಿಂದೆಯೇ ಹೋಗುತ್ತಿತ್ತು. ಯುಗಾದಿಯ ದಿನ ಹೋಳಿಗೆ ತಿನ್ನುತ್ತ ಅಪ್ಪನಿಗೆ ಮೊಬೈಲಿನಲ್ಲಿ ಒಂದು ಪಟ್ಟೆ ಮೀನು ತೋರಿಸಿದಳು. ಅದರ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಕತ್ತರಿಸಿದರೆ ಮಲಗಿದ್ದ ಜೀನುಗಳು ಎದ್ದು ಕೂರುತ್ತವೆ. ನರದ ಎಳೆಗಳು ಮತ್ತೆ ಬೆಳೆದು ಮಿದುಳು ಮುಟ್ಟುತ್ತವೆ. ಮೂರ್ನಾಲ್ಕು ವಾರದಲ್ಲಿ ಮೀನಿಗೆ ಮತ್ತೆ ಕಣ್ಣು ಕಂಡು, ಅದು ಆಹಾರದ ಬೆನ್ನು ಹತ್ತುತ್ತದೆ.

“ನರ ಕಡದ ಮ್ಯಾಲೇ ಏಳ್ತಾವೇನು?” ಎಂದು ಅಪ್ಪ ಕೇಳಿದರು.

“ಹೌದಪ್ಪಾ, ಅಲ್ಲೀಮಟ ಸುಮ್ಮನ ಮಲಗಿರ್ತಾವ.”

ಎಂಟು ತಿಂಗಳ ಮೇಲೆ ಗೊಲ್ಲಾಳಪ್ಪನವರು ಕಣ್ಣು ಕಾಣದೆ ಮನೆಯ ಬಾಗಿಲಿಗೇ ಹಣೆ ಬಡಿಸಿಕೊಂಡರು. ಹೆಂಡತಿ ಗೋದಾವರಿ ಗಾಬರಿಯಾಗಿ ಮಗಳನ್ನು ಪ್ರಯೋಗಾಲಯದಿಂದ ಕರೆಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ಒತ್ತಡ ವಿಪರೀತ ಏರಿದೆ, ಹನಿ ಹಾಕುತ್ತಿರಲಿಲ್ಲವೇ ಎಂದರು. ಪ್ರಾಜಕ್ತಾಳಿಗೆ ಸಿಟ್ಟು ನೆತ್ತಿಗೇರಿತು. ತಿಂಗಳಿಗೊಂದು ಸೀಸೆ ಖಾಲಿಯಾಗುವುದನ್ನು ಅವಳೇ ಕಂಡಿದ್ದಳು. ಒಂದು ಹೊತ್ತೂ ತಪ್ಪಿಲ್ಲ ಎಂದು ವಾದಿಸಿದಳು. ಡಾಕ್ಟರು ತಲೆಯಾಡಿಸಿದರು. ನರ ಪೂರ್ತಿ ಸತ್ತಿದೆ, ಹೋದ ನೋಟ ಇನ್ನು ಬರುವುದಿಲ್ಲ ಎಂದರು.

ಹೊರಗಿನ ಬೆಂಚಿನ ಮೇಲೆ ಅಪ್ಪ ಅವಳ ತೋಳು ಜಗ್ಗಿದರು. “ಡಾಕ್ಟರ್ ಮ್ಯಾಲೆ ಸಿಟ್ಟಾಗಬ್ಯಾಡ. ಹನಿ ಹಾಕ್ಕೊಳ್ಳೂದು ನಾನೇ ಬಿಟ್ಟೀನಿ. ದಿನಾ ಬಚ್ಚಲಕ್ಕ ಹಾಕ್ತಿದ್ನಿ.”

“ಯಾಕಪ್ಪಾ?”

ಮೂವತ್ತೊಂದು ವರ್ಷ ರಕ್ಷಣಾ ಕಾರ್ಖಾನೆಯ ಸ್ಟೋರಿನಲ್ಲಿ ಸಾಮಾನು ಕೊಟ್ಟ ಮನುಷ್ಯ ಅವರು. “ಅರ್ಧಾ ಸವದ ಬೇರಿಂಗ್ ತಂದವಗ ನಾ ಎಂದಾರ ಹೊಸಾದು ಕೊಟ್ಟೀನೇನು? ಪೂರಾ ಕೆಟ್ಟೈತಿ ಅಂತ ಸಾಹೇಬ್ರು ಬರದು ಕೊಡಬೇಕು, ಆಮ್ಯಾಲೆ ಹೊಸಾದು. ಈ ನರಾ ಅರ್ಧಾ ಜೀವಾ ಹಿಡ್ಕೊಂಡು ಕುಂತ್ರ ಜೀನ್ ಹ್ಯಾಂಗ ಏಳಬೇಕು? ಈಗ ಪೂರಾ ಹೋಗೈತಿ ಅಂತ ಅವರೂ ಅಂದ್ರಲ್ಲ. ಇನ್ನ ಎಷ್ಟ ವಾರ ಬೇಕವ್ವಾ?”

ಅಷ್ಟು ಹುರುಪಿನಿಂದ ಕೇಳಿದರು. ಮೂರು ವಾರ, ನಾಲ್ಕು ವಾರ ಎಂದು ಏನಾದರೂ ಹೇಳಿಬಿಡಲೇ ಎಂದು ಪ್ರಾಜಕ್ತಾಳಿಗೆ ಎನಿಸಿತು. ಹೇಳಲಾಗಲಿಲ್ಲ.

“ಅದು ಮೀನಿನ್ಯಾಗ ಅಪ್ಪಾ. ಮನಷ್ಯಾನೊಳಗ ಆ ಜೀನ್ ಹುಟ್ಟೂ ಹೊತ್ತಿಗೇ ಬಂದ್ ಆಗಿರ್ತಾವ. ನರಾ ಸತ್ರೂ ಏಳಂಗಿಲ್ಲ. ಅವನ್ನ ಎಬ್ಬಸಾಕಂತನ ನಾವು ಇಲಿ ಮ್ಯಾಲೆ ಒದ್ದಾಡಾಕತ್ತೀವಿ. ಇನ್ನೂ ಆಗಿಲ್ಲ.”

ಒಳಗಿನಿಂದ ಇಬ್ಬರು ಮೂವರ ಟೋಕನ್ ನಂಬರು ಕೂಗಿದರು.

“ಇದನ್ನ ಅವತ್ತೇ ಹೇಳಿದ್ದೇನು?” ಎಂದು ಅಪ್ಪ ಕೇಳಿದರು ಕೊನೆಗೆ.

ಹೇಳಿರಲಿಲ್ಲ. ಅವತ್ತು ಮೀನು ನೋಡಿ ಅವರ ಮುಖ ಅಷ್ಟು ಅರಳಿತ್ತು, ಹಬ್ಬದ ದಿನ ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಆ ನಾಳೆ ಕೆಲಸದ ಗದ್ದಲದಲ್ಲಿ ಬರಲೇ ಇಲ್ಲ.

“ಇಲ್ಲಪ್ಪಾ,” ಎಂದಳು.

ಅಪ್ಪನ ಕೈ ಗಾಳಿಯಲ್ಲಿ ತಡಕಾಡಿ ಅವಳ ತಲೆ ಮುಟ್ಟಿತು. “ಹೇಳಿರ್ತಿ ತಗೋ, ನನಗ ಕೇಳಿಸಿಲ್ಲ,” ಎಂದರು ಮೆಲ್ಲಗೆ. “ನಿಮ್ಮವ್ವ ಕೇಳಿದ್ರ ಹಂಗ ಹೇಳು.”