ಟವೆಲ್ ಹೊದಿಸಿದ ಕುರ್ಚಿ

ಬೆಂಗಳೂರು ವಿಜಯನಗರದ ಆ ಕೋಚಿಂಗ್ ಸೆಂಟರಿನ ಮೊದಲ ಸಾಲಿನಲ್ಲಿ ಒಂದು ತಿರುಗುವ ಕುರ್ಚಿ ಇತ್ತು. ಅದರ ಬೆನ್ನಿಗೆ ಬಿಳಿ ಟರ್ಕಿ ಟವೆಲ್, ತಹಶೀಲ್ದಾರರ ಕಚೇರಿಯಲ್ಲಿ ಇರುವಂತೆ. ಉಳಿದವರಿಗೆಲ್ಲ ಪ್ಲಾಸ್ಟಿಕ್ ಕುರ್ಚಿ. ಭಾನುವಾರದ ಟೆಸ್ಟಿನಲ್ಲಿ ಮೊದಲು ಬಂದವರು ವಾರವಿಡೀ ಅಲ್ಲಿ ಕೂರಬೇಕು, ಬೇರೆಯವರು ಅವರನ್ನು ‘ಸಾಹೇಬ್ರು’, ‘ಮೇಡಂ’ ಎಂದೇ ಕರೆಯಬೇಕು. ಸೆಂಟರ್ ನಡೆಸುವ ಮೋಹನ್ ಕುಮಾರ್ ಮಾಡಿದ ಪದ್ಧತಿ. ಇದನ್ನು ಆಡಿಕೊಂಡು ನಗುತ್ತಿದ್ದವರೂ ಅಲ್ಲಿ ಕೂರಲು ಸಾಯುತ್ತಿದ್ದರು.

ಗ್ರಾಮ ಪಂಚಾಯತಿಯ ಪಿಡಿಒ ಹುದ್ದೆಯ ಪರೀಕ್ಷೆಗೆಂದು ಸಿಂದಗಿ ಕಡೆಯಿಂದ ಬಂದಿದ್ದ ಗುರುದೇವಿ ಟೆಸ್ಟಿನ ಪಟ್ಟಿಯ ನಡುವೆ ಎಲ್ಲೋ ಇರುತ್ತಿದ್ದಳು. ರಾಜಾಜಿನಗರದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಾಗ, ಓದು ಬಿಡುತ್ತೇನೆಂದು ಮೋಹನ್ ಕುಮಾರ್‌ಗೆ ಹೇಳಿದಳು. ಆ ಭಾನುವಾರ ಅವಳೇ ಫಸ್ಟ್. ಕೆಲಸಕ್ಕೆ ಸೇರಲು ಕ್ಲಿನಿಕ್ಕಿನವರ ಬಳಿ ಒಂದು ತಿಂಗಳ ಗಡುವು ಕೇಳಿಕೊಂಡಳು. ಊಟದ ಹೊತ್ತಿನಲ್ಲೂ ಪುಸ್ತಕ. ಮುಂದಿನ ಭಾನುವಾರ ಮತ್ತೆ ನಡುವಿಗೇ ಬಿದ್ದಳು. ಆದರೆ ಓದು ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು.

ಕೆಂಗೇರಿಯಿಂದ ದಿನಾ ಕ್ಲಾಸಿಗೆ ಬರುತ್ತಿದ್ದ ಬಿಂದುಶ್ರೀ ಕೆಳಗಿನ ಟೀ ಅಂಗಡಿಯಲ್ಲಿ ಕೇಳಿದಳು. “ಬಿಡ್ತೀನಿ ಅಂತ ಹೇಳಿದ್ಮೇಲೆ ತಾನೇ ಫಸ್ಟ್ ಬಂದಿದ್ದು?”

“ಹೌದು. ಯಾಕ?”

“ನಾನೂ ಹಂಗೇ ಬಂದಿದ್ದು ಕಣೇ. ಹೋಗ್ತೀನಿ ಅನ್ನು, ಟವೆಲ್ ರೆಡಿ.”

“ಸುಮ್ನ ಏನರ ಹೇಳಬ್ಯಾಡ. ನಾ ಓದೀನಿ.”

“ಓದಿದೀಯ. ನಾವ್ ಬರೆದ ಓಎಂಆರ್ ಶೀಟು ಒಂದಿನಾನಾದ್ರೂ ವಾಪಸ್ ಕೊಟ್ಟಿದಾರಾ ಮೇಡಂ?”

ಕೊಟ್ಟಿರಲಿಲ್ಲ. ಗೋಡೆಗೆ ಅಂಟಿಸುವುದು ಹೆಸರಿನ ಪಟ್ಟಿ ಮಾತ್ರ.

ಆ ಒಂದು ಭಾನುವಾರವೇ ಗುರುದೇವಿಯ ಬಳಿ ಇದ್ದ ಏಕೈಕ ಸಾಕ್ಷಿ. ಅದು ಸುಳ್ಳಾದರೆ ಅವಳಿಗೆ ಪಿಡಿಒ ಆಗುವ ಯೋಗ್ಯತೆಯಿಲ್ಲ, ಕ್ಲಿನಿಕ್ಕೇ ಸರಿ. ತಿಂಗಳು ಮುಗಿಯುತ್ತ ಬಂದಿತ್ತು. ಸೋಮವಾರ ಕೆಲಸಕ್ಕೆ ಸೇರಬೇಕು, ಇಲ್ಲವೇ ಬೇಡ ಎನ್ನಬೇಕು.

ಶುಕ್ರವಾರ ಮೋಹನ್ ಕುಮಾರ್ ಎದುರು ನಿಂತಳು. “ಸರ್, ನಾ ಹೊಂಟೆ. ಕೆಲಸಕ್ಕ ಸೇರ್ತೀನಿ.”

“ಹೌದೇನಮ್ಮಾ? ಭಾನುವಾರದ್ದೊಂದು ಟೆಸ್ಟ್ ಬರ್ದು ಹೋಗು.”

ಭಾನುವಾರ ಅರ್ಧ ಶೀಟು ಖಾಲಿ ಬಿಟ್ಟಳು. ಉಳಿದ ಅರ್ಧಕ್ಕೆ ಪ್ರಶ್ನೆ ಓದದೆಯೇ ‘ಬಿ’ ತುಂಬಿದಳು. ಸಂಜೆ ಪಟ್ಟಿಯ ಮೇಲ್ತುದಿಯಲ್ಲಿ ಅವಳ ಹೆಸರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ನೇರ ಆಫೀಸಿಗೆ ಹೋದಳು. “ನಾ ಅರ್ಧ ಖಾಲಿ ಕೊಟ್ಟಿದ್ದೆ ಸರ್.”

ಮೋಹನ್ ಕುಮಾರ್ ಕನ್ನಡಕ ಒರೆಸಿಕೊಂಡರು. ಮುಖದಲ್ಲಿ ನಾಚಿಕೆಯಿರಲಿಲ್ಲ. “ಬಾಗಿಲು ಹಾಕು. ನೋಡಮ್ಮಾ, ಗೆದ್ದ ರುಚಿ ಇಲ್ಲದೆ ಯಾರೂ ವರ್ಷಗಟ್ಟಲೆ ಓದಲ್ಲ. ದಿನಾ ಗೆದ್ರೂ ಓದಲ್ಲ. ಫಸ್ಟ್ ಬಂದ್ಮೇಲೆ ನೀನು ಎಷ್ಟು ಓದಿದೆ, ನೀನೇ ಹೇಳು.”

“ಅಂದ್ರ ಹಿಂದಿನದೂ ಸುಳ್ಳೇನ್ರಿ?”

“ಇಲ್ಲ. ಅದು ನಿಂದೇ.”

“ಶೀಟ್ ತೋರಸ್ರಿ.”

“ಹಳೇ ಶೀಟು ಇಟ್ಕೊಳ್ಳಲ್ಲ. ನಿಜಾನೇ ಹೇಳ್ತಿದೀನಿ, ಅದು ನಿಂದೇ.”

ಫಸ್ಟ್ ಬಂದವರ ಹೆಸರು ಕೂಗುವಾಗಲೂ ಅವರು ಇದೇ ದನಿಯಲ್ಲಿ ಕೂಗುತ್ತಿದ್ದರು.

ಕೆಳಗೆ ಬಿಂದುಶ್ರೀ ಕಾಯುತ್ತಿದ್ದಳು. “ಗೊತ್ತಾಯ್ತಲ್ಲ. ನಾಳೆ ಕ್ಲಿನಿಕ್‌ಗೆ ಹೋಗು.”

“ಮೊದಲ್ನೇದು ನಿಜ ಅಂತಾರ.”

“ನಂಬಿದ್ಯಾ?”

“ಇಲ್ಲ. ನೀ ಹೋಗ್ತೀಯೇನು ಬಿಟ್ಟು?”

ಬಿಂದುಶ್ರೀ ಟೀ ಗ್ಲಾಸನ್ನು ಎರಡು ಸಲ ತಿರುಗಿಸಿದಳು. “ನಂದೂ ನಿಜ ಅಂದಿದ್ರು.”

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನಿಂದ ಫೋನ್ ಬಂದಾಗ ಗುರುದೇವಿ ಸೆಂಟರಿನ ಮೆಟ್ಟಿಲಿನ ಮೇಲಿದ್ದಳು. ಬೇರೆಯವರನ್ನು ತಗೊಳ್ರಿ ಎಂದು ಹೇಳಿ ಫೋನ್ ಆಫ್ ಮಾಡಿದಳು. ಆಫೀಸಿನ ಬಾಗಿಲಲ್ಲಿ ಮರೆಪ್ಪ ಎಂಬ ಹುಡುಗ ಬ್ಯಾಗ್ ಹಿಡಿದು ನಿಂತಿದ್ದ. “ಸಾಕಾತ್ರಿ ಸರ್, ಊರಿಗೆ ಹೋಗ್ತೀನಿ,” ಎನ್ನುತ್ತಿದ್ದ. ಭಾನುವಾರದ್ದೊಂದು ಬರೆದು ಹೋಗು ಎಂಬ ಉತ್ತರ ಒಳಗಿನಿಂದ ಬಂತು.

ಬರುವ ಭಾನುವಾರ ಮರೆಪ್ಪನೇ ಫಸ್ಟ್ ಎಂದು ಅವಳಿಗೆ ಗೊತ್ತಾಯಿತು. ಒಳಗೆ ಹೋಗಿ ಟವೆಲ್ ಕುರ್ಚಿಯಲ್ಲಿ ಕೂತು, ಪಂಚಾಯತ್ ರಾಜ್ ಪುಸ್ತಕ ತೆಗೆದು, ಅವನನ್ನು ಹಿಂದೆ ಹಾಕಲೆಂದು ಓದತೊಡಗಿದಳು.