ಖಾಲಿ ಚೀಲದ ತೂಕ

ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂತು: ಹೀನಾ, ಶಂಭುಲಿಂಗ, ಶೇಕಡಾ ತೊಂಬತ್ತಾರು.

ಹುಬ್ಬಳ್ಳಿಯ ಕೋಡಿಂಗ್ ಸ್ಪರ್ಧೆಗೆ ತಂಡ ಆರಿಸುವಾಗ ಹುಡುಗರು ಬರೆದ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಹೋಲಿಸಿ ನಕಲು ಹಿಡಿಯುವ ಈ ಟೂಲ್ ನಾನೇ ಬರೆದದ್ದು. ರಾಣೆಬೆನ್ನೂರಿನಲ್ಲಿ ನಾನು ಓದಿದ ಕಾಲೇಜಿನಲ್ಲಿಯೇ ಈಗ ಲ್ಯಾಬ್ ನೋಡಿಕೊಂಡಿದ್ದೇನೆ. ಟೂಲಿಗೆ ಬಣ್ಣವಿಲ್ಲ, ಬಟನ್ನುಗಳಿಲ್ಲ. ಆಜ್ಞೆ ಟೈಪ್ ಮಾಡಿದರೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅದರ ಆ ಗುಣ ನನಗೆ ಹಿಡಿಸುತ್ತದೆ.

"ಆಕಿನ್ನ ಟೀಮಿನಿಂದ ತಗೀರಿ ಮೇಡಂ," ಎಂದ ಶಂಭುಲಿಂಗ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗ. "ನನ್ನ ಹಿಂದ ಕುಂತಿದ್ಲು. ಕುತ್ತಿಗಿ ಉದ್ದ ಮಾಡಿದ್ರ ಎಲ್ಲಾ ಕಾಣ್ತೈತಿ."

"ನಿನ್ನ ಸ್ಕ್ರೀನೇನು ಸಿನಿಮಾನ, ಕುತ್ತಿಗಿ ಚಾಚಿ ನೋಡಾಕ?" ಎಂದಳು ಹೀನಾ.

ಸ್ಪರ್ಧೆಯ ಹೊಣೆ ಹೊತ್ತ ಮೀನಾಕ್ಷಿ ಮೇಡಂ ಮೇಜು ತಟ್ಟಿದರು. "ಚೀಲಗಳ ತೂಕ ಕೊಟ್ಟಿದ್ದೆ. ಬೇಡಿಕಿ ತುಂಬಾಕ ಕಡಿಮಿ ಅಂದ್ರ ಎಷ್ಟು ಚೀಲ ಬೇಕು ಅಂತ ಕೇಳಿದ್ದೆ. ಖಾಲಿ ಚೀಲದ ತೂಕ ಕಳೀರಿ ಅಂತ ಎಲ್ಲಿ ಹೇಳೇನಿ? ಇಡೀ ಕ್ಲಾಸಿನ್ಯಾಗ ನೀವಿಬ್ಬರ ಕಳದೀರಿ. ತಪ್ಪೂ ಒಂದ ಐತಿ ಅಂದ್ರ ಕಾಪಿ ಅಲ್ದ ಮತ್ತೇನು? ಅಂವ ಮೊದಲು ಕಳಿಸ್ಯಾನ. ಹೀನಾ, ನೀ ಹುಬ್ಬಳ್ಳಿಗೆ ಬರಬ್ಯಾಡ."

ಹೀನಾಳದು ಕೊನೆಯ ವರ್ಷ. ಹುಬ್ಬಳ್ಳಿಯ ಸ್ಪರ್ಧೆ ಅವಳಿಗೆ ಮತ್ತೆ ಸಿಗುವುದಿಲ್ಲ. ಅವಳು ನನ್ನ ಕಡೆ ನೋಡಿದಳು.

"ಸಮೀವುಲ್ಲಾ ಸರ್‌ನ ಯಾಕ ನೋಡ್ತಿ?" ಶಂಭುಲಿಂಗ ನಕ್ಕ. "ನಿಮ್ಮವರು ಅಂತ ಉಳಸ್ತಾರೇನು?"

ತೆರೆದ ಬಾಯಿ ಮುಚ್ಚಿಕೊಂಡೆ. ಇನ್ನು ನಾನು ಏನು ಹೇಳಿದರೂ ಆ ಮಾತಿಗೆ ಕೊಟ್ಟ ಉತ್ತರದಂತೆಯೇ ಕೇಳಿಸುತ್ತಿತ್ತು.

ನಾನೂ ಬ್ಯಾಡಗಿಯವನು. ಮಾರುಕಟ್ಟೆಯ ನೆರಳಲ್ಲಿ ಬೆಳೆದವರಿಗೆ ಚೀಲದ ತೂಕ ಎಂದರೆ ಖಾಲಿ ಚೀಲ ಕಳೆದು ಉಳಿದದ್ದು. ಯಾರೂ ಹೇಳಿಕೊಡಬೇಕಿಲ್ಲ, ಕೈ ತಾನೇ ಕಳೆಯುತ್ತದೆ. ನನ್ನ ಟೂಲಿಗೆ ಇದು ತಿಳಿಯದು. ಪ್ರೋಗ್ರಾಮಿನೊಳಗಿನ ಹೆಸರು, ಅಂಕಿ ಬದಲಿಸಿ ನಕಲು ಮಾಡುವವರನ್ನು ಹಿಡಿಯಲೆಂದು ಅದು ಹೋಲಿಸುವ ಮೊದಲು ಹೆಸರು, ಅಂಕಿ ಎರಡನ್ನೂ ಬಿಟ್ಟುಬಿಡುತ್ತದೆ.

ಅದೇ ಆಜ್ಞೆಯನ್ನು ಮತ್ತೆ ಟೈಪ್ ಮಾಡಿದೆ. ಈ ಸಲ, ಅಂಕಿಗಳನ್ನು ಬಿಡಬೇಡ ಎಂಬ ಸೂಚನೆ ಸೇರಿಸಿದೆ.

ಇಬ್ಬರಲ್ಲಿ ಬೇರೆಯಾಗಿದ್ದ ಎರಡು ಸಾಲು ಬಂದವು. ಹೀನಾ ಚೀಲಕ್ಕೆ ಒಂದು ಕಿಲೋ ಕಳೆದಿದ್ದಳು. ಶಂಭುಲಿಂಗ ಎರಡು.

ಮೇಡಂ ಪರದೆಗೆ ಬಾಗಿದರು. "ಬ್ಯಾರೆ ಬ್ಯಾರೆ ಯಾಕ?"

"ಹಲಗೇರಿಯಾಗ ನಾವು ಮೆಣಸಿನಕಾಯಿ ಬೆಳೀತೇವ್ರಿ," ಎಂದಳು ಹೀನಾ. "ಅಪ್ಪಾ ಬ್ಯಾಡಗಿ ಪ್ಯಾಟಿಗೆ ಹೊರಡೂಕಿಂತ ಮೊದಲು ಮನ್ಯಾಗ ತೂಗ್ತೇವಿ. ಖಾಲಿ ಚೀಲ ಒಂದು ಕಿಲೋ." ಶಂಭುಲಿಂಗನ ಕಡೆ ತಿರುಗಿದಳು. "ನಿಂದು ಎರಡು ಹೆಂಗಾತು? ನಿಮ್ಮ ಅಂಗಡ್ಯಾಗ ರೈತರ ಚೀಲಕ್ಕ ಹಂಗ ಕಳೀತೀರೇನು?"

"ಅದು ಮೊದಲಿಂದ ಹಂಗ..." ಎಂದ ಶಂಭುಲಿಂಗ.

ಮೇಡಂ ಪರದೆಯಿಂದ ತಲೆ ಎತ್ತಿದರು. "ಇಬ್ಬರೂ ಅವರವರ ಮನಿ ಲೆಕ್ಕ ಬರದೀರಿ. ಹೀನಾ ಟೀಮಿನ್ಯಾಗ ಇರ್ತಾಳ," ಎಂದು ಹೊರಗೆ ನಡೆದರು.

"ನಮ್ಮಪ್ಪನ ಹೆಸರು ತಂದ್ರಿ ಸರ್," ಶಂಭುಲಿಂಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ. "ಬ್ಯಾಡಗಿಗೆ ಬರ್ತೀರಲಾ, ಅಲ್ಲಿ ಮಾತಾಡೂಣು."

ನಾನು ಯಾರ ಹೆಸರೂ ತಂದಿರಲಿಲ್ಲ.

ಸ್ಪರ್ಧೆಯಲ್ಲಿ ತಂಡಕ್ಕೆ ಒಂದೇ ಕಂಪ್ಯೂಟರು. ಶಂಭುಲಿಂಗ ಹೋಗಿ ಅಭ್ಯಾಸದ ಕಂಪ್ಯೂಟರಿನ ಮುಂದೆ ಕುಳಿತ. ಹೀನಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತಳು.

"ಕೀಬೋರ್ಡ್ ಇತ್ತ ಕೊಡು."

ಅವನು ಕೈ ತೆಗೆದ. ಕುರ್ಚಿ ಮಾತ್ರ ಸರಿಸಲಿಲ್ಲ.