ಗಂಟಿನ ತುದಿ

ಈ ಸಲವೂ ಬಾಯಿ ಬರದಿದ್ದರೆ?

ಬೀಳಗಿ ದಾಟಿ ಮಣ್ಣಿನ ದಾರಿಗೆ ಹೊರಳಿದ ಟಂಟಂ ಆಟೋದಲ್ಲಿ, ಮಡಿಲಲ್ಲಿದ್ದ ಅಕ್ಕಿಯ ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡು ಪೂರ್ಣಿಮಾ ಅದನ್ನೇ ಯೋಚಿಸುತ್ತಿದ್ದಳು. ಹೇಳಬೇಕಾದದ್ದು ಒಂದೇ ಮಾತು. ಬನಹಟ್ಟಿಯಿಂದ ಹೊರಟ ಬಸ್ಸಿನಲ್ಲಿ ಹೇಳುವುದೆಂದುಕೊಂಡಿದ್ದಳು, ಆಗಲಿಲ್ಲ. ಜಮಖಂಡಿ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಎಂದುಕೊಂಡಳು, ಅಷ್ಟರಲ್ಲಿ ಪ್ರಭುಲಿಂಗ ಏನೋ ಹೇಳಿ ಎಲ್ಲರೂ ನಗುತ್ತಿದ್ದರು. ನಗುವಿನ ನಡುವೆ ಹೇಳುವಂಥ ಮಾತಲ್ಲ ಅದು. ಹಾಗಂತ ಎಲ್ಲರೂ ಸುಮ್ಮನಿದ್ದಾಗ ಹೇಳುವ ಧೈರ್ಯವೂ ಅವಳಿಗಿರಲಿಲ್ಲ. ದಿನವೂ ಡೈರಿ ಬರೆಯುವ ಹುಡುಗಿ, ಅದರಲ್ಲೂ ಈ ಮಾತನ್ನು ಬರೆದಿರಲಿಲ್ಲ. ಬರೆದರೆ ಹೇಳಿದಂತೆಯೇ ಆಗಿಬಿಡುತ್ತದೆ, ಆಮೇಲೆ ಹೇಳುವ ಗೋಜಿಗೇ ತಾನು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ವಿಷಯ ಇಷ್ಟೇ. ಕಾಲೇಜಿನಲ್ಲಿ ಇವರಿಗಿಂತ ಎರಡು ವರ್ಷ ಮುಂದಿದ್ದ ನವೀನ, ಹಳಿಯಾಳದ ಕಡೆಯ ಕಾಡಿನಲ್ಲಿ ಸಾಲೆಯ ಮಕ್ಕಳಿಗೆ ಶಿಬಿರ ನಡೆಸುವವರ ಹತ್ತಿರ ಕೆಲಸಕ್ಕಿದ್ದ. ಬೆಂಕಿ ಹೊತ್ತಿಸುವುದು, ನೀರು ಸೋಸುವುದು, ಹಗ್ಗ ಮತ್ತು ತಾಡಪತ್ರಿಯಲ್ಲಿ ನೆರಳು ಕಟ್ಟುವುದು, ಇವನ್ನೆಲ್ಲ ಮಕ್ಕಳಿಗೆ ಕಲಿಸುವ ಕೆಲಸ. ಈ ಸಲ ಅವರಿಗೆ ಒಬ್ಬ ಹುಡುಗಿ ಬೇಕಾಗಿದ್ದಳು. "ಒಂದು ರಾತ್ರಿ ಹೊರಗ ಇದ್ದು ಪ್ರಾಕ್ಟೀಸ್ ಮಾಡೂಣು, ಮುಂಜಾನಿ ಅವರಿಗೆ ಹೆಸರು ಹೇಳ್ತೇನಿ" ಎಂದು ನವೀನ ಹೇಳಿದಾಗಲೇ ಹೆಸರು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಹಿಪ್ಪರಗಿಯ ವೈಶಾಲಿ. ಕುರಿ ಕಾಯುವ ಮನೆತನದವಳು, ಹೊಳೆಯಲ್ಲಿ ಈಜುವವಳು, ಹಾವು ಕಂಡರೆ ಹಿಂದೆ ಸರಿಯದೆ ಅದು ಹೋಗುವ ತನಕ ನಿಂತು ನೋಡುವವಳು. ಪೂರ್ಣಿಮಾಳನ್ನು ಕರೆದದ್ದು ವೈಶಾಲಿಯ ಅವ್ವನ ಕಾರಣಕ್ಕೆ. ಜೋಡಿಗೆ ಒಬ್ಬ ಹುಡುಗಿ ಇರದೆ ಆಕೆ ಮಗಳನ್ನು ಕಳಿಸುತ್ತಿರಲಿಲ್ಲ.

ಜೋಡಿಗೆ ಬಂದವಳಿಗೂ ಆ ಕೆಲಸದ ಮೇಲೆ ಮನಸ್ಸಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವಂತೆ ಅವಳು ಮಾಡಿರಲೂ ಇಲ್ಲ.

ವೈಶಾಲಿಯ ಸೋದರಮಾವ ಅಪ್ಪಾಸಾಬನ ಹೊಲ ಗುಡ್ಡದ ಬುಡಕ್ಕಿತ್ತು. ಹೊಲದ ಮೇಲುಗಡೆ ಬೇವು, ಜಾಲಿ, ತಂಗಡಿಯ ಕುರುಚಲು. ಅದರಾಚೆ ಅರಣ್ಯ ಇಲಾಖೆ ನೆಟ್ಟ ಗಡಿಗಲ್ಲುಗಳು. ಅವನ ಕುರಿಹಟ್ಟಿ ಕೂಗಳತೆಯಲ್ಲಿತ್ತು. ಹೆಗಲ ಮೇಲೆ ಕಂಬಳಿ ಹೊತ್ತು ಬಂದ ಅಪ್ಪಾಸಾಬ, ಇವರು ಇಳಿಸುತ್ತಿದ್ದ ಸಾಮಾನನ್ನು ಒಂದೊಂದಾಗಿ ನೋಡಿದ.

"ಕಡ್ಡಿಪೆಟ್ಟಿಗಿ ಎಲ್ಲೈತೆಪಾ?"

"ಇಲ್ರೀ ಮಾಮಾ. ಕಲ್ಲು-ಉಕ್ಕು ತಿಕ್ಕಿ ಹಚ್ಚತೀವಿ" ಎಂದ ನವೀನ.

"ಅಂದ್ರ ರಾತ್ರಿ ಉಪಾಸ ಇರ್ತೀರಿ ಅನ್ನು." ಅವನು ತನ್ನ ಅಂಗಿಯ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು, ಯಾರೂ ಕೈ ಚಾಚದ್ದನ್ನು ಕಂಡು ಮತ್ತೆ ಒಳಗಿಟ್ಟುಕೊಂಡ. "ಆತು. ಗಡಿಗಲ್ಲು ದಾಟಬ್ಯಾಡ್ರಿ. ಆ ಕಡೆ ಗಾರ್ಡ್ ಬರ್ತಾನ. ಈ ಕಡೆ ನಾ ಅದೇನಿ."

ನವೀನ ಕೆಲಸ ಹಂಚಿದ. ನೆರಳು ಕಟ್ಟುವುದು ವೈಶಾಲಿಗೆ, ಬೆಂಕಿ ಪೂರ್ಣಿಮಾಗೆ, ನೀರು ಮತ್ತು ಅಡಿಗೆ ಪ್ರಭುಲಿಂಗನಿಗೆ. ಅವನು ಚಿಮ್ಮಡದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಕಾಡಿನ ಮೇಲೆ ಅವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಪಲಾವ್ ಮಾಡುವುದರ ಮೇಲಿತ್ತು.

ಪೂರ್ಣಿಮಾ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಮನೆಯ ಪಾವರ್‌ಲೂಮಿನ ಅಡಿಯಲ್ಲಿ ಬಿದ್ದ ನೂಲಿನ ಚೂರು, ಹಿಂಜಿದ ಹತ್ತಿಯ ಧೂಳು. ಬೆರಕೆ ನೂಲು ಕರಗಿ ಮುದ್ದೆಯಾಗುತ್ತದೆಂದು ಬರೀ ಹತ್ತಿಯದನ್ನೇ ಎರಡು ದಿನ ಕೂತು ಆರಿಸಿದ್ದಳು. ಅದನ್ನು ಹಕ್ಕಿಗೂಡಿನಂತೆ ಹರವಿ, ಮೇಲೆ ಕಲ್ಲಿಗೆ ಉಕ್ಕಿನ ತುಂಡು ತಿಕ್ಕಿ ಕಿಡಿ ಹಾರಿಸಿದಳು. ನಾಲ್ಕಾರು ಸಲಕ್ಕೆ ಒಂದು ಕಿಡಿ ನೂಲೊಳಗೆ ಕೂತು ಕೆಂಪಗಾಯಿತು. ಬಗ್ಗಿ ಊದಿದಳು. ಹೊಗೆ, ಆಮೇಲೆ ಜ್ವಾಲೆ.

"ಏ ನೋಡ್ರಲೇ!" ಪ್ರಭುಲಿಂಗ ಕೂಗಿದ. "ಬನಹಟ್ಟಿಯವರು ಸೀರಿ ಮಾರೂದು ಬಿಟ್ಟು ಬೆಂಕಿ ಮಾರಾಕತ್ತಾರ!"

ನವೀನ ಬಂದು ನೋಡಿ, "ಛಲೋ ಆತು" ಎಂದ. ಈಗ ಹೇಳಬಹುದಿತ್ತು. ಅವಳು ಬೆಂಕಿಗೆ ಇನ್ನೊಂದು ಕಟ್ಟಿಗೆ ಹಾಕಿದಳು.

ಮಗ್ಗದ ಮನೆಯಲ್ಲಿ ಬೆಳೆದವರಲ್ಲಿ ಎರಡು ಜಾತಿ. ಕೆಲವರು ಮಗ್ಗದ ಸದ್ದನ್ನು ಮೀರಿಸಿ ಕೂಗಿ ಮಾತಾಡಲು ಕಲಿಯುತ್ತಾರೆ. ಅವರು ಮದುವೆಯ ಊಟದಲ್ಲೂ ಓಣಿಗೆಲ್ಲ ಕೇಳುವಂತೆ ಉಪ್ಪು ಕೇಳುತ್ತಾರೆ. ಇನ್ನು ಕೆಲವರು ಮಾತನ್ನೇ ಬಿಟ್ಟು ಕೈಸನ್ನೆಗೆ ಇಳಿಯುತ್ತಾರೆ. ಪೂರ್ಣಿಮಾಳ ಅವ್ವ ಭಾಗವ್ವ ಮೊದಲಿನ ಜಾತಿ, ಅವಳು ಎರಡನೆಯದು. ಮನೆಯಲ್ಲಿ ಚಹಾ ಬೇಕೆಂದರೆ ಹೆಬ್ಬೆರಳು, ಊಟವೆಂದರೆ ಐದು ಬೆರಳು, ಎಳೆ ಹರಿದಿದೆಯೆಂದರೆ ತೋರುಬೆರಳು. ತನಗೆ ಊರು ಬಿಟ್ಟು ಕಾಡಿನಲ್ಲಿ ಕೆಲಸ ಮಾಡುವ ಆಸೆಯಿದೆ ಎನ್ನುವುದಕ್ಕೆ ಮಾತ್ರ ಯಾವ ಬೆರಳೂ ಇರಲಿಲ್ಲ.

ತಾಡಪತ್ರಿ ಕಟ್ಟಲು ಎರಡು ಬೇವಿನ ಮರಗಳ ನಡುವೆ ಹಗ್ಗ ಬಿಗಿಯಬೇಕಿತ್ತು. ತಂದ ನೈಲಾನ್ ಹಗ್ಗ ಸಾಲಲಿಲ್ಲ. ವೈಶಾಲಿ ಇನ್ನೊಂದು ತುಂಡು ಹುಡುಕಿ ತಂದು, ಎರಡರ ತುದಿಯನ್ನೂ ಪೂರ್ಣಿಮಾಳ ಕೈಗಿಟ್ಟಳು. "ಇವೆರಡು ಕೂಡಿಸಿ ಕೊಡಲೇ ಪೂರ್ಣಿ, ನಾ ಆ ಬೇವಿಗಿ ಕಟ್ಟಿ ಬರ್ತೇನಿ."

ಕೂಡಿಸುವುದೆಂದರೆ ಪೂರ್ಣಿಮಾಳ ಬೆರಳುಗಳಿಗೆ ಯೋಚಿಸುವ ಕೆಲಸವಲ್ಲ. ಒಂದು ತುದಿ ಮಡಚಿ, ಇನ್ನೊಂದನ್ನು ಒಳಗಿಂದ ತಂದು, ಸುತ್ತಿ, ತನ್ನ ಕೆಳಗೆ ತೂರಿಸಿ ಎಳೆದಳು. ಎಳೆ ಹರಿದಾಗಲೆಲ್ಲ ನೇಕಾರರು ಹಾಕುವ ಗಂಟು. ಏಳು ವರ್ಷದವಳಿದ್ದಾಗಲೇ ಬಂದದ್ದು. ಗಂಟು ಬಿದ್ದ ಕೂಡಲೇ ಚಾಕು ತೆಗೆದು, ಹೊರಗುಳಿದ ಎರಡು ತುದಿಗಳನ್ನೂ ಬುಡಕ್ಕೆ ಹತ್ತಿಸಿ ಕತ್ತರಿಸಿದಳು. ಗಂಟು ನುಣ್ಣಗೆ, ಕಾಳಿನಂತೆ ಕೂತಿತು.

ಹೊತ್ತು ಮುಳುಗುವಾಗ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಅನ್ನ ಕುದಿಯುತ್ತಿತ್ತು. ಪ್ರಭುಲಿಂಗ ಸೌಟನ್ನು ಮೈಕಿನಂತೆ ಹಿಡಿದು ತನ್ನ ಪಲಾವಿನ ಬಗ್ಗೆ ಭಾಷಣ ಮಾಡುತ್ತಿದ್ದ. ತಾಡಪತ್ರಿ ಒಮ್ಮೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಆಮೇಲೆ ಯಾವ ಸದ್ದೂ ಇಲ್ಲದೆ ಹಗ್ಗ ನಡುವೆ ಬಿಟ್ಟುಕೊಂಡು, ಇಡೀ ತಾಡಪತ್ರಿ ಬೆಂಕಿಯ ಮೇಲೆ ಕೂತಿತು.

ಎಳೆದು ತೆಗೆಯುವಷ್ಟರಲ್ಲಿ ಪಾತ್ರೆ ಉರುಳಿತ್ತು. ಅರ್ಧ ಅನ್ನ ಬೂದಿಯಲ್ಲಿತ್ತು. ತಾಡಪತ್ರಿಯಲ್ಲಿ ಮೊರದಷ್ಟು ದೊಡ್ಡ ತೂತು, ಅದರ ಅಂಚು ಕರಗಿ ಸುರುಟಿಕೊಂಡಿತ್ತು.

"ನನ್ನ ಪಲಾವ್!" ಎಂದ ಪ್ರಭುಲಿಂಗ. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

ನವೀನ ಮರಗಳ ಕಡೆ ನೋಡಿದ. ಅಲ್ಲಿಯ ಗಂಟುಗಳು ಹಾಗೇ ಇದ್ದವು. "ನಡುವಿನ ಗಂಟು ಬಿಚ್ಚೇತಿ. ವೈಶಾಲಿ, ನೆರಳು ಕಟ್ಟೂದು ನಿನ್ನ ಕಡೆ ಇತ್ತಲ್ಲ?"

ಪೂರ್ಣಿಮಾ ಬಾಯಿ ತೆರೆದಳು. ಅಷ್ಟರಲ್ಲಿ ವೈಶಾಲಿ, "ಹೂಂ, ನನ್ನ ಕಡೇನ ಇತ್ತು" ಎಂದಳು.

"ಅಲ್ಲಿ ಮಕ್ಕಳು ಇದರ ಕೆಳಗ ಮಲಗಿರ್ತಾರ" ಎಂದ ನವೀನ. ಹಟ್ಟಿಯಿಂದ ಅಪ್ಪಾಸಾಬ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದ. ಕಡ್ಡಿಪೆಟ್ಟಿಗೆಯ ಮಾತು ಮತ್ತೆ ತೆಗೆಯಲಿಲ್ಲ, ಆದರೆ ಇವರು ಉಣ್ಣುವ ತನಕ ಎದುರಿಗೇ ಕೂತು ನೋಡಿದ.

ಉಂಡ ಮೇಲೆ ಗೆಳತಿಯರಿಬ್ಬರೂ ಪಾತ್ರೆಯನ್ನು ಬೂದಿ ಹಚ್ಚಿ ತಿಕ್ಕಲು ಕೂತರು.

"ನೀ ಯಾಕ ಹಂಗಂದಿ?" ಪೂರ್ಣಿಮಾ ಕೇಳಿದಳು.

"ನೀ ಆಗಲೇ ಅಳೂ ಹಂಗ ಆಗಿದ್ದಿ. ಮ್ಯಾಲ ನವೀನಣ್ಣನ ಮಾತು ಕೇಳಿದ್ರ ಮುಗೀತು, ರಾತ್ರಿ ಎಲ್ಲಾ ನಿನ್ನ ಸಮಾಧಾನ ಮಾಡೂದು ಯಾರು?" ವೈಶಾಲಿ ನಕ್ಕಳು.

"ಮುಂಜಾನಿ ನಾನ ಹೇಳ್ತೇನಿ."

"ಬಿಡಲೇ. ಹೇಳಿದ್ರೇನು, ಹೇಳದಿದ್ರೇನು. ನಿನಗೇನಾಗೂದೈತಿ? ನೀ ಏನ್ ಹೋಗಾಕಿ ಅಲ್ಲಲ್ಲಾ."

ಪಾತ್ರೆಯ ತಳದಲ್ಲಿ ಹೊತ್ತಿದ ಅನ್ನ ಗಟ್ಟಿಯಾಗಿ ಅಂಟಿತ್ತು. ಪೂರ್ಣಿಮಾ ಅದನ್ನು ಉಗುರಿನಿಂದ ಕೆರೆದಳು. ಗೆಳತಿಯ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತೇನೋ.

ಆ ರಾತ್ರಿ ತೂತಿನ ತಾಡಪತ್ರಿಯನ್ನು ಕೆಳಗೆ ಹಾಸಿ ಬಯಲಲ್ಲೇ ಮಲಗಿದರು. ಮಗ್ಗದ ಸದ್ದಿಲ್ಲದೆ ಅವಳಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳಿಸುತ್ತಿತ್ತು.

ಬೆಳಿಗ್ಗೆ ನವಿಲು ಕೂಗಿ ಎಬ್ಬಿಸಿತು. ಪೂರ್ಣಿಮಾ ಬೂದಿ ಕೆದಕಿ, ಉಳಿದ ಕೆಂಡದ ಮೇಲೆ ನೂಲು ಹಾಕಿ ಮತ್ತೆ ಬೆಂಕಿ ಮಾಡಿದಳು. ಚಹಾ ಕುಡಿಯುತ್ತ ನವೀನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ.

"ವೈಶಾಲಿ, ನಿನ್ನ ಹೆಸರ ಹೇಳಬೇಕಂತಿದ್ದೆ. ಖರೆ ಹೇಳ್ತೇನಿ, ಆ ಗಂಟಿನಿಂದ ಮನಸ್ಸು ಹಿಂದ-ಮುಂದ ಆಗಾಕತ್ತೇತಿ."

"ಆ ಗಂಟು ನಂದು" ಎಂದಳು ಪೂರ್ಣಿಮಾ.

ಎಷ್ಟು ಸಲೀಸಾಗಿ ಬಂತು! ಅವಳಿಗೇ ಆಶ್ಚರ್ಯವಾಯಿತು. ಆಮೇಲೆ ಆಶ್ಚರ್ಯವೇನೂ ಇಲ್ಲ ಅನಿಸಿತು. ತಪ್ಪು ನನ್ನದು ಎನ್ನುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ, ಕರೆಂಟು ಹೋದರೂ ಮೊದಲು ತಗ್ಗುತ್ತಿದ್ದುದು ಅವಳ ತಲೆಯೇ.

ನವೀನ ಹಗ್ಗ ತರಿಸಿ, ಬಿಚ್ಚಿದ ಕಡೆ ಉಳಿದಿದ್ದ ಗಂಟಿನ ಮಡಿಕೆಯ ಗುರುತು ನೋಡಿದ. "ಗಂಟೇನೋ ಸರಿ ಹಾಕೀದಿ. ಆದ್ರ ತುದಿ ಎಲ್ಲಿ?"

"ಕತ್ತರಿಸಿದೆ."

"ಯಾಕ?"

"ಬಿಟ್ರ ಮಗ್ಗದ ಹಣಗ್ಯಾಗ ಸಿಗಬೀಳತಾವ. ಮತ್ತ ಎಳಿ ಹರೀತಾವ."

ಪ್ರಭುಲಿಂಗ ಜಾಲಿಯ ಕಂಟಿಗಳ ಕಡೆ, ಗುಡ್ಡದ ಕಡೆ, ಆಕಾಶದ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದ. "ಮಗ್ಗ ಎಲ್ಲಿ ಇಟ್ಟೀದಿ ಪೂರ್ಣಿ? ನನಗೊಂದು ಟಾವೆಲ್ ನೇಯ್ದು ಕೊಡವಾ, ಮಾರಿ ಒರೆಸ್ಕೋತೇನಿ!"

ವೈಶಾಲಿ ಹೊಟ್ಟೆ ಹಿಡಿದು ನಕ್ಕಳು. ಪೂರ್ಣಿಮಾಳಿಗೂ ನಗು ಬಂತು. ನವೀನ ಮಾತ್ರ ಹಗ್ಗದ ಎರಡು ತುದಿಗಳನ್ನು ಅವಳ ಮುಂದಿಟ್ಟು, "ಹತ್ತಿ ನೂಲು ಒಂದಕ್ಕೊಂದು ಹಿಡ್ಕೊತೇತಿ. ನೈಲಾನ್ ಜಾರತೇತಿ. ಗೇಣುದ್ದ ತುದಿ ಬಿಡು, ಈ ಗಂಟು ಎತ್ತು ಎಳೆದ್ರೂ ಬಿಚ್ಚೂದಿಲ್ಲ" ಎಂದ. ಅವಳು ಅಲ್ಲೇ ಕಟ್ಟಿ ತೋರಿಸಿದಳು, ಗೇಣುದ್ದ ತುದಿ ಬಿಟ್ಟು. ನವೀನ ಕಾಲು ಕೊಟ್ಟು ಎಳೆದ. ಗಂಟು ಬಿಗಿಯಿತು.

"ಆತಲ್ಲ ಹಂಗಾದ್ರ." ನವೀನ ಎದ್ದ. "ವೈಶಾಲಿದೇನೂ ತಪ್ಪಿಲ್ಲ. ಹೇಳಿಬಿಡ್ತೇನಿ ಅವರಿಗೆ."

ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಹೊಲದ ಮೂಲೆಯ ಕಲ್ಲಿನ ಗುಡ್ಡೆಯ ಮೇಲೆ ಮಾತ್ರ. ನವೀನ ಆ ಕಡೆ ನಡೆದ. ಪ್ರಭುಲಿಂಗ ಪಾತ್ರೆ ಕಟ್ಟತೊಡಗಿದ. ಗೆಳತಿಯರಿಬ್ಬರೂ ತಾಡಪತ್ರಿಯ ಒಂದೊಂದು ಅಂಚು ಹಿಡಿದು ಮಡಚಲು ನಿಂತರು. ಪೂರ್ಣಿಮಾ ಮನೆಯಲ್ಲಿ ಅವ್ವನ ಜೊತೆ ಸೀರೆ ಮಡಚುತ್ತಿದ್ದುದೂ ಹೀಗೇ: ಒಬ್ಬರು ನಿಂತಲ್ಲೇ ನಿಲ್ಲಬೇಕು, ಇನ್ನೊಬ್ಬರು ನಡೆದು ಬಂದು ತಮ್ಮ ಅಂಚನ್ನು ಅವರ ಕೈಗೆ ಕೊಡಬೇಕು.

ನವೀನ ಗುಡ್ಡೆ ಹತ್ತಿ ಫೋನನ್ನು ಕಿವಿಯ ಹತ್ತಿರ ಒಯ್ಯುತ್ತಿದ್ದ.

"ನನಗೂ" ಎಂದಳು ಪೂರ್ಣಿಮಾ.

"ಏನಂದಿ?" ವೈಶಾಲಿ ಕೇಳಿದಳು.

ಈಗ ಹೇಳುವುದರಲ್ಲಿ ಯಾವ ಅರ್ಥವೂ ಇರಲಿಲ್ಲ. ತಾಡಪತ್ರಿ ಸುಟ್ಟವಳು, ಅನ್ನ ಚೆಲ್ಲಿದವಳು, ಜೋಡಿಗೆಂದು ಬಂದವಳು. ತೂತಿನೊಳಗಿಂದ ವೈಶಾಲಿಯ ಕಾಲು, ಅದರ ಹಿಂದೆ ತಣ್ಣಗಾದ ಬೂದಿ ಕಾಣುತ್ತಿತ್ತು. ತನ್ನ ಅಂಚನ್ನು ಹಿಡಿದುಕೊಂಡು ವೈಶಾಲಿ ನಡೆದು ಬರತೊಡಗಿದ್ದಳು. ಪೂರ್ಣಿಮಾ ತನ್ನ ಅಂಚನ್ನು ಬಿಡಲಿಲ್ಲ, ಮುಂದೆ ಚಾಚಲೂ ಇಲ್ಲ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಆಚೆ ತುದಿಯಲ್ಲಿದ್ದವರನ್ನು ಅವ್ವ ಕರೆಯುವ ದನಿಯೊಂದಿತ್ತು, ಹೊಟ್ಟೆಯಿಂದ ಎದ್ದು ಬರುವಂಥದು. ಅದು ತನ್ನಲ್ಲೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹಟ್ಟಿಯಲ್ಲಿ ಕುರಿಗಳು ತಲೆ ಎತ್ತಿದವು. ಗುಡ್ಡೆಯ ಮೇಲೆ ನವೀನ ಫೋನು ಇಳಿಸಿ ತಿರುಗಿದ.

"ನವೀನಣ್ಣಾ, ನನಗೂ ಹೋಗೂದೈತಿ!"